ಪೆನ್ ಡ್ರೈವ್ ಹಾಡುವ ನಾಡಗೀತೆ

ಮುಂಬಯಿ ಉಪನಗರದ ನಮ್ಮ ಕನ್ನಡ ಸಂಘ ಈ ಸಲ ಒಂದು ಠರಾವು ಮಾಡಿದೆ. ರಾಜ್ಯೋತ್ಸವದ ದಿನ ನಾಡಗೀತೆಯನ್ನು ಇನ್ನು ಯಾರೂ ಹಾಡಬೇಕಿಲ್ಲ. ಪೆನ್ ಡ್ರೈವ್ ಹಾಡುತ್ತದೆ, ಮಕ್ಕಳು ಮೈಕಿನ ಮುಂದೆ ನಿಂತು ಬಾಯಿ ಆಡಿಸಿದರೆ ಸಾಕು. ಕಾರಣ, ಕಳೆದ ನವೆಂಬರಿನಲ್ಲಿ ಆದ ಒಂದು ತಪ್ಪು.

ಅಂದು ಹಾಡಿದವಳು ಇಲ್ಲೇ ಹುಟ್ಟಿ ಬೆಳೆದ ಹತ್ತನೇ ತರಗತಿಯ ಹುಡುಗಿ. ಸಾಹಿತ್ಯವನ್ನು ದೇವನಾಗರಿಯಲ್ಲಿ ಬರೆದುಕೊಂಡು ಎರಡು ತಿಂಗಳು ಅಜ್ಜಿಯ ಮುಂದೆ ಕೂತು ಕಲಿತಿದ್ದಳು. ವೇದಿಕೆಯಲ್ಲಿ ಕವಿಗಳ ಹೆಸರು ಬರಬೇಕಾದಲ್ಲಿ ಅರಸರ ಹೆಸರು ಬಂತು. ತಡವರಿಸಿದಳು, ಕಣ್ಣು ತುಂಬಿಕೊಂಡಿತು. ಹಾರ್ಮೋನಿಯಂನವರು ಸ್ವರ ಹಿಡಿದು ಕಾದರು. ಮತ್ತೆ ಎತ್ತಿಕೊಂಡು ಹಾಡಿ ಮುಗಿಸಿದಳು. ಎಲ್ಲ ಸೇರಿ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನ ವಿಡಿಯೊ ರಾತ್ರಿಯೊಳಗೆ ಸಂಘದ ವಾಟ್ಸ್ಯಾಪ್ ಗುಂಪಿಗೆ ಬಂತು, ನಗುವ ಮುಖಗಳ ಸಮೇತ.

"ಇಷ್ಟು ಗೊತ್ತಿರುವ ಹಾಡನ್ನೂ ತಪ್ಪುವುದೇ?" ಎಂದರು ಹಿರಿಯರೊಬ್ಬರು. ಸ್ವಾಮಿ, ಗೊತ್ತಿರುವ ಹಾಡನ್ನೇ ತಪ್ಪುವುದು. ಹೊಸ ಹಾಡಿಗೆ ಮನಸ್ಸು ಕಾವಲಿರುತ್ತದೆ. ಬಾಯಿಪಾಠವಾದದ್ದು ತನ್ನಷ್ಟಕ್ಕೆ ಹರಿಯುತ್ತದೆ. ನಡುವೆ 'ಮುಂದಿನದು ಯಾವುದು' ಎಂಬ ಅಳುಕು ಬಂದರೆ ಮುಗಿಯಿತು. ಅದರಲ್ಲೂ ನಾಡಗೀತೆಯಲ್ಲಿ ಆಚಾರ್ಯರು, ಕವಿಗಳು, ಅರಸರು, ನದಿಗಳು ಎಂದು ಹೆಸರುಗಳ ಸಾಲೇ ಇದೆ. ಒಂದು ನುಡಿಯಿಂದ ಇನ್ನೊಂದಕ್ಕೆ ನಾಲಿಗೆ ಜಾರುವುದು ಸುಲಭ.

2016ರ ಡಿಸೆಂಬರ್ 10ರಂದು ಸ್ಟಾಕ್‌ಹೋಮಿನ ನೊಬೆಲ್ ಸಮಾರಂಭದಲ್ಲಿ ಬಾಬ್ ಡಿಲನ್‌ರ ಹಾಡು ಹಾಡುತ್ತಿದ್ದ ಪ್ಯಾಟಿ ಸ್ಮಿತ್ ಕೂಡ ಸಾಲು ತಪ್ಪಿದರು. ಅವರು ದಶಕಗಳಿಂದ ವೇದಿಕೆ ಕಂಡ ಗಾಯಕಿ. ರಾಜಮನೆತನದ ಎದುರೇ ಹಾಡು ನಿಲ್ಲಿಸಿ, ಕ್ಷಮೆ ಕೇಳಿ, ತುಂಬ ಅಳುಕಾಗುತ್ತಿದೆ ಎಂದು ಹೇಳಿ ಮತ್ತೆ ಹಾಡಿದರು. ಸಭೆ ಚಪ್ಪಾಳೆ ತಟ್ಟಿತು.

ತಾಲೀಮಿಲ್ಲದೆ ವೇದಿಕೆ ಹತ್ತುವವರ ಪರ ನಾನು ವಾದಿಸುತ್ತಿಲ್ಲ. ಎರಡು ತಿಂಗಳು ಕಲಿತು ಬಂದವಳ ಮಾತು ಆಡುತ್ತಿದ್ದೇನೆ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರಕಾರ 2022ರಲ್ಲೇ ಗೊತ್ತುಮಾಡಿದೆ. ಅಷ್ಟು ಹೊತ್ತು ಸಭಾಂಗಣದಲ್ಲಿ ಮುನ್ನೂರು ಜನ ಎದ್ದು ನಿಂತಿದ್ದೆವು. ಆ ಹುಡುಗಿ ತಡವರಿಸಿದಾಗ ಒಬ್ಬರಾದರೂ ಮುಂದಿನ ಸಾಲು ಎತ್ತಿಕೊಟ್ಟೆವೆ? ನಾನೂ ಕೊಡಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆ ಸಾಲು ನೆನಪಿರಲಿಲ್ಲ.

ಹಾಗಿದ್ದರೆ ತಪ್ಪಿದ್ದು ಯಾರು? ನಮ್ಮ ಮರೆವನ್ನು ಮುಚ್ಚಿಕೊಳ್ಳಲು ಪೆನ್ ಡ್ರೈವ್ ತರುತ್ತಿದ್ದೇವೆ, ಹೆಸರು ಮಾತ್ರ ಆ ಮಗುವಿನದು. ಅದು ಹಾಡತೊಡಗಿದ ಮೇಲೆ ಯಾವ ಮಗು ಅಜ್ಜಿಯ ಮುಂದೆ ಎರಡು ತಿಂಗಳು ಕೂತೀತು?

ಠರಾವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆಮಂತ್ರಣದ ಹಿಂಬದಿಯಲ್ಲಿ ಹಾಡನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ಅಚ್ಚು ಹಾಕಿಸಿ. ಈ ನವೆಂಬರಿನಲ್ಲೂ ಆ ಹುಡುಗಿಯೇ ಹಾಡಲಿ. ತಪ್ಪಿದರೆ ಎತ್ತಿಕೊಡಲು ನಾನು ಈಗಿನಿಂದಲೇ ಬಾಯಿಪಾಠ ಮಾಡುತ್ತಿದ್ದೇನೆ.