ಜೀರ್ಣೋದ್ಧಾರವೋ, ಜೀರ್ಣಸಂಹಾರವೋ?

ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದೇ ಜೀರ್ಣೋದ್ಧಾರ. ನಮ್ಮ ನಾಡಿನ ಶಿಲಾಶಾಸನಗಳಲ್ಲಿ ಬಸದಿಗಳಿಗೆ ದತ್ತಿ ಬಿಟ್ಟ ಸಂದರ್ಭದಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರುಕು ಬಿಟ್ಟುದನ್ನೂ ಸರಿಪಡಿಸುವ ವೆಚ್ಚಕ್ಕೆಂದೇ ದಾನಿಗಳು ಭೂಮಿಯನ್ನು ಬಿಟ್ಟುಕೊಟ್ಟರೆಂಬುದು ಅದರ ತಾತ್ಪರ್ಯ. ಇಂದು ಅದೇ ಪದವನ್ನು ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸಿ ನಾವು ಮಾಡುತ್ತಿರುವುದೇನು? ಗಟ್ಟಿಮುಟ್ಟಾದ ಕಲ್ಲುಗೋಡೆಗಳನ್ನು ಯಂತ್ರದಿಂದ ಕೆಡವಿ, ಅಲ್ಲಿ ಸಿಮೆಂಟಿನ ಸಭಾಭವನವನ್ನು ಎಬ್ಬಿಸುತ್ತಿದ್ದೇವೆ. ಇದನ್ನು ಜೀರ್ಣಸಂಹಾರವೆಂದು ಕರೆಯುವುದೇ ಸತ್ಯವ್ರತಕ್ಕೆ ಒಪ್ಪುವ ಮಾತು.

ಕಲಬುರಗಿಯ ಹಳೆಯ ಓಣಿಗಳಲ್ಲಿ, ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಹಿರಿಯರು ಕಟ್ಟಿ ಉಳಿಸಿಹೋದ ಮನೆಗಳನ್ನು ಗಮನಿಸಿರಿ. ದಪ್ಪನೆಯ ಕಲ್ಲಿನ ಗೋಡೆ, ಸುಣ್ಣದ ಗಚ್ಚು, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದಿನ ಫರಸಿ, ನಡುವೆ ಅಂಗಳ. ಹಗಲಿನ ಕಾವು ಆ ಗೋಡೆಯನ್ನು ದಾಟಿ ಒಳಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಸೀಮೆಗೆ ಅನುಭವವೇ ಕಲಿಸಿದ ವಿದ್ಯೆ ಇದು. ನಾಲ್ಕೈದು ಅಂಗುಲದ ಕಾಂಕ್ರೀಟ್ ಛತ್ತಾದರೋ ಮಧ್ಯಾಹ್ನಕ್ಕೇ ಕಾದು, ಇರುಳಿನಲ್ಲೂ ಒಳಗಿರುವವರ ಮೇಲೆ ಕಾವನ್ನು ಇಳಿಸುತ್ತದೆ. ಅದನ್ನು ತಣಿಸಲು ಏಸಿ ಯಂತ್ರ ಬೇಕು. ಯಂತ್ರಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತಿಗಾಗಿ ಎಲ್ಲಿಯೋ ಕಲ್ಲಿದ್ದಲು ಉರಿಯಬೇಕು.

ಇಂಥ ಭವನದಲ್ಲಿ ತಂಗುವವರು ಯಾರು? ದಿನಕ್ಕೊಮ್ಮೆ ಮಾತ್ರ ಆಹಾರ ಜಲಗಳನ್ನು ಸ್ವೀಕರಿಸುವ ಮುನಿಗಳು, ಆರ್ಯಿಕೆಯರು. ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿದ ವೃದ್ಧ ಶ್ರಾವಕ ಶ್ರಾವಿಕೆಯರು. ಪರೀಷಹವನ್ನು ಸಹಿಸುವುದು ತ್ಯಾಗಿಗಳ ಧರ್ಮವಿರಬಹುದು. ಅವರಿಗಾಗಿ ಪರೀಷಹವನ್ನು ಲಕ್ಷಾಂತರ ರೂಪಾಯಿ ಸುರಿದು ಕಟ್ಟಿಸುವುದು ಶ್ರಾವಕರ ಧರ್ಮವಲ್ಲ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡ ವಿರತಿಯನ್ನು ಗುಣವ್ರತವಾಗಿ ವಿಧಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಮರಗಳನ್ನು ಕಡಿಯುವುದು ಅಲ್ಲಿ ಪ್ರಮಾದಚರ್ಯೆ ಎನಿಸಿಕೊಳ್ಳುತ್ತವೆ. ನಿಲ್ಲಬಲ್ಲ ಕಟ್ಟಡವೊಂದನ್ನು ಕೆಡವಿ ಕಟ್ಟುವುದರಲ್ಲಿ ಇವೆಲ್ಲವೂ ಒಂದೇ ಕಡೆ ಕೂಡಿವೆ. ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಯವರೆಗೆ ಸುಡಬೇಕು. ಹೊರಬೀಳುವ ಇಂಗಾಲದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಕಲ್ಲಿನಿಂದಲೇ ಬರುವುದು. ಈ ಗೂಡುಗಳು ದೂರದವಲ್ಲ. ವಾಡಿ, ಸೇಡಂ, ಮಳಖೇಡಗಳಲ್ಲಿವೆ. ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ತೀರದ ನೇಮಿನಾಥ ಬಸದಿ ಇಂದಿಗೂ ಕಲ್ಲಿನಲ್ಲಿಯೇ ನಿಂತಿದೆ. ಆ ಊರಿನ ಸಿಮೆಂಟನ್ನು ತಂದು ನಮ್ಮೂರಿನ ಕಲ್ಲನ್ನು ಕೆಡವುವುದು ಯಾವ ವಿವೇಕ?

‘ಹಳೆಯದು ಸೋರುತ್ತದೆ, ಕತ್ತಲೆ, ಮುದುಕರಿಗೆ ಅನುಕೂಲವಿಲ್ಲ’ ಎನ್ನುವವರಿದ್ದಾರೆ. ದೂರು ಸತ್ಯ, ಆದರೆ ಅದಕ್ಕೆ ಪರಿಹಾರ ಕೆಡವುವುದಲ್ಲ. ಮುಚ್ಚಿಹೋದ ಬೆಳಕಿಂಡಿಗಳನ್ನು ತೆರೆಯಿರಿ. ತಗಡು ಹೊದಿಸಿದ ಅಂಗಳವನ್ನು ಬಿಡಿಸಿರಿ. ಮಾಳಿಗೆಯ ಮಣ್ಣನ್ನು ಸರಿಪಡಿಸಿ, ಗಚ್ಚು ಹಾಕಿ, ಮೇಲೆ ಬಿಳಿಯ ಸುಣ್ಣ ಬಳಿಯಿರಿ. ಕಲ್ಲುಗೋಡೆಗೆ ಮೆತ್ತಿದ ಸಿಮೆಂಟಿನ ಗಿಲಾವನ್ನು ತೆಗೆಸಿರಿ; ಅದು ಗೋಡೆಯ ತೇವವನ್ನು ಹೊರಬಿಡದೆ ಉಪ್ಪು ಏಳಿಸುತ್ತದೆ, ಸುಣ್ಣದ ಗಾರೆ ತೇವವನ್ನು ಆರಲು ಬಿಡುತ್ತದೆ. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ಹಾದಿಯನ್ನೂ ಹಿಡಿಕೆಯನ್ನೂ ಮಾಡಿಸಿ, ಮಾಳಿಗೆಯ ಮಳೆನೀರನ್ನು ಹಳೆಯ ಬಾವಿಗೆ ತಿರುಗಿಸಿರಿ. ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ 1960ರ ದಶಕದ 530 ಮನೆಗಳನ್ನು ಕೆಡವದೆ, ನಿವಾಸಿಗಳನ್ನು ಹೊರಗೆ ಕಳುಹಿಸದೆ ವಿಸ್ತರಿಸಿ, ಗಾಳಿ ಬೆಳಕುಗಳನ್ನು ಹೆಚ್ಚಿಸಿದರು. ಆ ವಾಸ್ತುಶಿಲ್ಪಿಗಳಾದ ಲಕಾತೋನ್ ಮತ್ತು ವಸಾಲ್ ಅವರಿಗೆ 2021ರಲ್ಲಿ ಪ್ರಿಟ್ಜ್ಕರ್ ಪ್ರಶಸ್ತಿ ಸಂದಿತು. ಅಪರಿಗ್ರಹವನ್ನು ಜಗತ್ತಿಗೆ ಬೋಧಿಸಿದ ನಮಗೆ ಇದು ಹೊಸ ಪಾಠವಾಗಬಾರದಿತ್ತು.

ದುರಸ್ತಿಯಲ್ಲಿಯೂ ಹಿಂಸೆಯಿದೆಯೆಂಬ ವಾದವೂ ಉಂಟು. ಇದೆ, ಆದರೆ ಅಲ್ಪ. ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪದು. ಅದನ್ನು ಕನಿಷ್ಠಕ್ಕಿಳಿಸುವುದೇ ಅವನ ಅಣುವ್ರತ. ತಳಪಾಯವೇ ಕುಸಿದು ಜೀವಕ್ಕೆ ಅಪಾಯವಿರುವ ಕಟ್ಟಡವನ್ನು ಇಳಿಸುವುದು ಬೇರೆಯ ಮಾತು. ಅದನ್ನು ಇಂಜಿನಿಯರು ಪರೀಕ್ಷಿಸಿ ಬರೆದುಕೊಡಲಿ, ದೇಣಿಗೆಯ ಉತ್ಸಾಹ ತೀರ್ಮಾನಿಸದಿರಲಿ.

ವ್ಯಾಪಾರಿಯಾಗಿ ಒಂದು ಮಾತು ಹೇಳುತ್ತೇನೆ, ಕಹಿಯಾದರೂ ಸರಿ. ಹೊಸ ಭವನಕ್ಕೆ ಅಮೃತಶಿಲೆಯ ಫಲಕವಿದೆ, ಅದರ ಮೇಲೆ ದಾನಿಯ ಹೆಸರಿದೆ. ಸೋರುವ ಮಾಳಿಗೆಗೆ ಗಚ್ಚು ಹಾಕಿಸಿದವನಿಗೆ ಫಲಕವಿಲ್ಲ. ನಮ್ಮ ಹಳೆಯ ಕಟ್ಟಡಗಳನ್ನು ಕೆಡವುತ್ತಿರುವುದು ಮಳೆಯಲ್ಲ, ಗೆದ್ದಲಲ್ಲ, ಮಾನಕಷಾಯ. ಹಳೆಯ ಮರ, ಕಲ್ಲು, ಗೋಡೆಗಳು ನಮ್ಮ ಜಮಾಖರ್ಚಿನಲ್ಲಿ ಸವಕಳಿ ಕಳೆದು ಶೂನ್ಯಕ್ಕೆ ಇಳಿದಿರಬಹುದು. ಅವುಗಳಿಗಾಗಿ ಒಮ್ಮೆ ಆದ ಹಿಂಸೆಯ ಲೆಕ್ಕ ಹಾಗೆ ಇಳಿಯುವುದಿಲ್ಲ. ಅವುಗಳನ್ನು ಕೆಡವಿದರೆ ಆ ಹಿಂಸೆಯೂ ವ್ಯರ್ಥ, ಮೇಲೆ ಹೊಸದೊಂದು ಹಿಂಸೆ.

ಆದುದರಿಂದ ಟ್ರಸ್ಟಿನ ಧರ್ಮದರ್ಶಿಗಳಲ್ಲಿ ವಿನಂತಿ. ದುರಸ್ತಿಯ ಅಂದಾಜನ್ನೂ ಹೊಸ ಕಟ್ಟಡದ ಅಂದಾಜನ್ನೂ ಸರ್ವಸಾಧಾರಣ ಸಭೆಯಲ್ಲಿ ಅಕ್ಕಪಕ್ಕ ಇಟ್ಟು ಓದದೆ ಯಾವ ಗೋಡೆಗೂ ಹಾರೆ ಹಾಕಬೇಡಿರಿ. ವಾರ್ಷಿಕ ಆದಾಯದಲ್ಲಿ ಹತ್ತನೆಯ ಒಂದು ಪಾಲನ್ನು ದುರಸ್ತಿ ನಿಧಿಗೆ ಕಡ್ಡಾಯವಾಗಿ ತೆಗೆದಿರಿಸಿರಿ. ಫಲಕ ಬೇಕೇ ಬೇಕೆಂದಾದರೆ, ಗಚ್ಚು ಹಾಕಿಸಿದವನ ಹೆಸರನ್ನು ಮೊದಲು ಕೆತ್ತಿಸಿರಿ.