ಎತ್ತುವ ಮುನ್ನ ತೂಗಬೇಕು

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪದಲ್ಲಿ, ಪುಣಜನೂರು ಎಂಬ ಊರಿದೆ. ಇತ್ತ ಬಿಳಿಗಿರಿರಂಗನ ಬೆಟ್ಟದ ಕಾಡು. ಗಡಿ ದಾಟಿದರೆ ಸತ್ಯಮಂಗಲದ ಕಾಡು. ಅದರಾಚೆ 27 ಕಡಿದಾದ ತಿರುವುಗಳ ದಿಂಬಂ ಘಾಟಿ. ವನ್ಯಮೃಗಗಳ ರಕ್ಷಣೆಗಾಗಿ ಮದ್ರಾಸ್ ಉಚ್ಚ ನ್ಯಾಯಾಲಯವು ನೀಡಿದ ಆದೇಶದಂತೆ 2022ರ ಫೆಬ್ರವರಿಯಿಂದ ಈ ದಾರಿಯಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಕೊಯಮತ್ತೂರಿಗೆ ಹೊರಟಿದ್ದ ನಾವು ಒಂದು ಮುಂಜಾನೆ ಪುಣಜನೂರಿನ ಗೇಟಿನ ಬಳಿ ಗಾಡಿಯನ್ನು ನಿಲ್ಲಿಸಿಕೊಂಡು ಬೆಳಕು ಹರಿಯುವುದನ್ನೇ ಕಾಯುತ್ತಿದ್ದೆವು.

ಗಾಡಿ ನನ್ನ ಮಿತ್ರರೊಬ್ಬರದು. ಹಳೆಯದೊಂದು ವ್ಯಾನನ್ನು ಕೊಂಡು, ಒಳಗೆ ಮಲಗಲು ಹಲಗೆಯನ್ನೂ ಅಡಿಗೆಗೆ ಒಲೆಯನ್ನೂ ಅಳವಡಿಸಿ, ಅದನ್ನೊಂದು ಸಂಚಾರಿ ಮನೆಯನ್ನಾಗಿ ಅವರು ಮಾಡಿಕೊಂಡಿದ್ದಾರೆ. ಅದರ ವಿಶೇಷವೆಂದರೆ ಚಾವಣಿ. ಹಿಂಬದಿಯಲ್ಲಿ ಬಿಜಾಗರಿಗಳಿರುವ ಈ ಚಾವಣಿಯ ಮುಂಬದಿಯನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಿದರೆ, ಒಳಗೆ ಒಬ್ಬರು ನೆಟ್ಟಗೆ ನಿಲ್ಲುವಷ್ಟು ಎಡೆಯಾಗುತ್ತದೆ. ಆದರೆ ಎತ್ತುವುದು ಸುಲಭವಲ್ಲ. ‘ಇದಕ್ಕೆ ಇನ್ನೂ ಬಲವಾದ ಗ್ಯಾಸ್ ಸ್ಪ್ರಿಂಗುಗಳನ್ನು ಹಾಕಿಸಿಬಿಡುತ್ತೇನೆ’ ಎಂದು ಅವರು ಹೇಳುತ್ತಿದ್ದಾಗಲೇ, ಎದುರಿಗೆ ಗೇಟಿನ ಕಾವಲುಗಾರ ಒಂದು ಕೈಯಿಂದ ಹಗ್ಗವನ್ನು ಸಡಿಲಿಸಿದ. ರಸ್ತೆಗೆ ಅಡ್ಡವಾಗಿದ್ದ ಉದ್ದನೆಯ ಕಂಬವು ಯಾವ ಆಯಾಸವೂ ಇಲ್ಲದೆ ಮೇಲೆದ್ದು ನಿಂತಿತು. ನಮ್ಮ ಗಾಡಿಗೆ ಬೇಕಾದ ಪಾಠವು ಆ ಕಂಬದಲ್ಲಿಯೇ ಇತ್ತು.

ಅದು ಯಾವ ಪಾಠವೆಂಬುದನ್ನು ವಿಚಾರಿಸೋಣ. ಕಂಬದ ಉದ್ದನೆಯ ತೋಳು 4 ಮೀಟರ್, ಅದರ ತೂಕ 20 ಕಿಲೋಗ್ರಾಂ ಎಂದು ಭಾವಿಸಿರಿ. ಆ ತೂಕವೆಲ್ಲವೂ ತೋಳಿನ ನಡುವೆ, ಎಂದರೆ ಆಧಾರದಿಂದ 2 ಮೀಟರ್ ದೂರದಲ್ಲಿ, ಇದ್ದಂತೆಯೇ ಲೆಕ್ಕ. ಆಧಾರದ ಈಚೆಗೆ, 1 ಮೀಟರ್ ದೂರದಲ್ಲಿ, 40 ಕಿಲೋಗ್ರಾಂ ಕಲ್ಲನ್ನು ಕಟ್ಟಿದರೆ ಎರಡು ಪಕ್ಕವೂ ಸರಿದೂಗುತ್ತದೆ. 20ನ್ನು 2ರಿಂದ ಗುಣಿಸಿದರೂ 40ನ್ನು 1ರಿಂದ ಗುಣಿಸಿದರೂ ಒಂದೇ ಮೊತ್ತ. ಭಾರವನ್ನು ಅದರ ತೋಳಿನ ಉದ್ದದಿಂದ ಗುಣಿಸಿದಾಗ ಬರುವ ಈ ಮೊತ್ತವನ್ನೇ ತರಗತಿಯಲ್ಲಿ ‘ಮೊಮೆಂಟ್’ ಎಂದು ಕಲಿಯುತ್ತೇವೆ. ಇಲ್ಲಿ ಅದನ್ನು ತಿರುಗುಬಲವೆಂದು ಕರೆಯೋಣ. ಕಲ್ಲು ಸ್ವಲ್ಪ ಹೆಚ್ಚಾಗಿದ್ದರೆ ಹಗ್ಗ ಬಿಟ್ಟೊಡನೆ ಕಂಬ ಏಳುತ್ತದೆ, ಎಳೆದರೆ ಇಳಿಯುತ್ತದೆ. ನಮ್ಮ ಹಿರಿಯರು ಬಾವಿಯಿಂದ ನೀರೆತ್ತಲು ಬಳಸುತ್ತಿದ್ದ ಏತದ ತತ್ತ್ವವೂ ಇದೇ. ಏತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ ಆಳು ತನ್ನ ಮೈಭಾರವನ್ನೇ ಕಲ್ಲಿನ ಬದಲಾಗಿ ಉಪಯೋಗಿಸುತ್ತಿದ್ದನು.

ಗಾಡಿಯ ಚಾವಣಿಗೆ ಇದೇ ಉಪಾಯವನ್ನು ಮಾಡಬಾರದೇಕೆ ಎಂದು ವಾಚಕರು ಕೇಳಬಹುದು. ಮಾಡಬಹುದು, ಆದರೆ ಘಾಟಿ ಹತ್ತುವ ಗಾಡಿಯ ಹಿಂದೆ ಕಲ್ಲೊಂದನ್ನು ತೂಗುಹಾಕಿಕೊಂಡು ಹೋಗುವುದು ಜಾಣತನವಾಗದು. ಇಲ್ಲಿಯೇ ಅನಿಲದ ಸ್ಪ್ರಿಂಗು ನಮ್ಮ ಸಹಾಯಕ್ಕೆ ಬರುವುದು. ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುವ ಕಪ್ಪು ಕೊಳವೆಗಳನ್ನು ನೀವು ನೋಡಿದ್ದೀರಿ. ಕಚೇರಿಯ ಕುರ್ಚಿಯನ್ನು ಏರಿಸಿ ಇಳಿಸುವುದೂ ಅದರ ದಾಯಾದಿಯೇ.

ಇದರ ರಚನೆ ಬಹಳ ಸರಳ. ಬಿಗಿಯಾಗಿ ಮುಚ್ಚಿದ ಉಕ್ಕಿನ ಸಿಲಿಂಡರಿನಲ್ಲಿ ನೈಟ್ರೋಜನ್ ಅನಿಲವನ್ನು ಹೆಚ್ಚಿನ ಒತ್ತಡದಲ್ಲಿ ತುಂಬಿರುತ್ತಾರೆ. ಒಳಗಿನ ಪಿಸ್ಟನ್ನಿನಲ್ಲಿ ಸಣ್ಣ ರಂಧ್ರವಿರುವುದರಿಂದ ಅನಿಲದ ಒತ್ತಡ ಅದರ ಎರಡು ಪಕ್ಕಗಳಲ್ಲಿಯೂ ಸಮ. ಹಾಗಾದರೆ ತಳ್ಳುವುದೇನು? ಪಿಸ್ಟನ್ನಿನ ಒಂದು ಪಕ್ಕದಲ್ಲಿ ಸರಳು ಕೂಡಿಕೊಂಡಿರುವುದರಿಂದ, ಆ ಪಕ್ಕದಲ್ಲಿ ಅನಿಲವು ಒತ್ತುವ ವಿಸ್ತೀರ್ಣ ಸರಳಿನ ದಪ್ಪದಷ್ಟು ಕಡಿಮೆ. ಈ ವ್ಯತ್ಯಾಸವೇ ಸರಳನ್ನು ಹೊರಕ್ಕೆ ತಳ್ಳುತ್ತದೆ. 10 ಮಿಲಿಮೀಟರ್ ದಪ್ಪದ ಸರಳು 850 ನ್ಯೂಟನ್ ಬಲವನ್ನು ಕೊಡಬೇಕಾದರೆ ಒಳಗಿನ ಒತ್ತಡವು ವಾಯುಮಂಡಲದ ಒತ್ತಡದ ನೂರು ಪಟ್ಟಿಗೂ ಮೀರಿರಬೇಕಾಗುತ್ತದೆ. ಇಂತಹ ಕೊಳವೆಯನ್ನು ಕೊರೆಯುವುದು, ಬೆಸುಗೆ ಹಾಕುವುದು, ಬೆಂಕಿಗೆ ಎಸೆಯುವುದು ಪ್ರಾಣಾಪಾಯದ ಕೆಲಸವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಸರಳನ್ನು ಒಳಕ್ಕೆ ಒತ್ತಿದರೆ ಅನಿಲಕ್ಕೆ ಇರುವ ಎಡೆ ಕಡಿಮೆಯಾಗಿ ಒತ್ತಡ ಏರುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ನಡೆಯುವುದು. ಪೂರ್ತಿ ಚಾಚಿದಾಗ ಇರುವ ಬಲಕ್ಕಿಂತ ಪೂರ್ತಿ ಒತ್ತಿದಾಗಿನ ಬಲವು 1.3 ಪಟ್ಟು ಎಂದು ನಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳೋಣ.

ಈಗ ಚಾವಣಿಗೆ ಬರೋಣ. ಅದರ ಉದ್ದ 2 ಮೀಟರ್, ತೂಕ 40 ಕಿಲೋಗ್ರಾಂ. ಕಿಲೋಗ್ರಾಂ ಒಂದಕ್ಕೆ 10 ನ್ಯೂಟನ್ ಎಂದು ಸುಲಭವಾಗಿ ಎಣಿಸಿದರೆ ಭಾರ 400 ನ್ಯೂಟನ್. ಅದು ಬಿಜಾಗರಿಯಿಂದ 1 ಮೀಟರ್ ದೂರದಲ್ಲಿ ಇದ್ದಂತೆ. ಆದ್ದರಿಂದ ಮುಚ್ಚಿದ ಚಾವಣಿಯ ತಿರುಗುಬಲ 400 ನ್ಯೂಟನ್-ಮೀಟರ್. ತುದಿಯನ್ನು ಹಿಡಿದು ಎತ್ತುವವರ ಕೈಗೆ 20 ಕಿಲೋಗ್ರಾಂ ಭಾರ ಬೀಳುತ್ತದೆ. ಬಗ್ಗಿ ನಿಂತು ತಲೆಯ ಮೇಲಕ್ಕೆ ಇಷ್ಟನ್ನು ತಳ್ಳುವುದು ವಯಸ್ಸಾದವರ ಬೆನ್ನಿಗೆ ಒಳ್ಳೆಯದಲ್ಲ. ಚಾವಣಿಯನ್ನು 30 ಡಿಗ್ರಿ ಎತ್ತಿದಾಗ ಭಾರದ ತೋಳು ಕುಗ್ಗಿ, ತಿರುಗುಬಲವು 346ಕ್ಕೆ ಇಳಿಯುತ್ತದೆ.

ತಲಾ 850 ನ್ಯೂಟನ್ ಬಲದ ಎರಡು ಸ್ಪ್ರಿಂಗುಗಳನ್ನು ಎರಡು ಪಕ್ಕಗಳಲ್ಲಿ ಅಳವಡಿಸೋಣ. ಮುಚ್ಚಿದಾಗ ಸ್ಪ್ರಿಂಗು ಹೆಚ್ಚುಕಡಿಮೆ ಮಲಗಿರುವುದರಿಂದ ಅದರ ತೋಳು ಗಿಡ್ಡ, ಸುಮಾರು 14.6 ಸೆಂಟಿಮೀಟರ್, ತೆರೆದಾಗ ಅದು ಎದ್ದು ನಿಂತು ತೋಳು 21.9 ಸೆಂಟಿಮೀಟರಿಗೆ ಬೆಳೆಯುವಂತೆ ಜೋಡಿಸಬಹುದು. ತೆರೆದಾಗ 1700ನ್ನು 0.219ರಿಂದ ಗುಣಿಸಿದರೆ 372. ಭಾರದ 346ಕ್ಕಿಂತ ಹೆಚ್ಚು. ಚಾವಣಿ ತಾನಾಗಿ ನಿಲ್ಲುತ್ತದೆ. ಮುಚ್ಚಿದಾಗ ಬಲವು 2210ಕ್ಕೆ ಏರಿ, ತಿರುಗುಬಲ 323 ಆಗುತ್ತದೆ. ಭಾರದ 400ಕ್ಕಿಂತ ಕಡಿಮೆ. ಚಾವಣಿ ತಾನಾಗಿ ಮುಚ್ಚಿಕೊಂಡಿರುತ್ತದೆ. ಉಳಿದ 77ನ್ನು ಮಾತ್ರ ನಮ್ಮ ಕೈ ಕೊಡಬೇಕು. 2 ಮೀಟರ್ ದೂರದ ತುದಿಯಲ್ಲಿ ಅದು 4 ಕಿಲೋಗ್ರಾಂ ತೂಕಕ್ಕಿಂತಲೂ ತುಸು ಕಡಿಮೆ. 20 ಕಿಲೋಗ್ರಾಂ ಎಲ್ಲಿ, 4 ಕಿಲೋಗ್ರಾಂ ಎಲ್ಲಿ!

ಈ ಸಹಾಯ ಎಲ್ಲಿಂದ ಬಂತು? ಸ್ಪ್ರಿಂಗು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಚಾವಣಿಯ ನಡುಭಾಗ ಅರ್ಧ ಮೀಟರ್ ಇಳಿಯುವಾಗ 200 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಸ್ಪ್ರಿಂಗು ಇಲ್ಲದಿದ್ದರೆ ಇದು ‘ಧಡ್’ ಎಂಬ ಸದ್ದಿನಲ್ಲಿ ಹಾಳಾಗಿ ಹೋಗುತ್ತಿತ್ತು. ಸ್ಪ್ರಿಂಗು ಅದರ ಬಹುಪಾಲನ್ನು ಅನಿಲದಲ್ಲಿ ಕೂಡಿಟ್ಟು, ಮರುದಿನ ಎತ್ತುವಾಗ ಹಿಂದಕ್ಕೆ ಕೊಡುತ್ತದೆ. ಅದು ದಾನಿಯಲ್ಲ, ಒಳ್ಳೆಯ ಲೆಕ್ಕಿಗ.

ಆದರೆ ಕಲ್ಲಿಗೂ ಅನಿಲಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಗೇಟಿನಲ್ಲಿ ಕಂಬದ ಎರಡು ತೋಳುಗಳೂ ಒಂದೇ ನೇರದಲ್ಲಿರುವುದರಿಂದ ಕಂಬ ಓರೆಯಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಒಂದು ಓರೆಯಲ್ಲಿ ಸರಿದೂಗಿದ್ದು ಎಲ್ಲ ಓರೆಗಳಲ್ಲಿಯೂ ಸರಿದೂಗುತ್ತದೆ. ಸ್ಪ್ರಿಂಗಿನಲ್ಲಿ ಹಾಗಿಲ್ಲ, ಪ್ರತಿಯೊಂದು ಓರೆಗೂ ಬೇರೆ ಲೆಕ್ಕ. ಎರಡನೆಯದಾಗಿ, ಕಲ್ಲಿನ ತೂಕಕ್ಕೆ ಚಳಿಯಿಲ್ಲ, ಸೆಕೆಯಿಲ್ಲ. ಅನಿಲದ ಒತ್ತಡವಾದರೋ ಉಷ್ಣತೆಯೊಡನೆ ಏರಿಳಿಯುತ್ತದೆ. 10 ಡಿಗ್ರಿಗೆ ಶೇಕಡ 3ಕ್ಕಿಂತ ಸ್ವಲ್ಪ ಹೆಚ್ಚು.

ಈ ಎರಡನ್ನೂ ಮರೆತುದರ ಫಲವನ್ನು ನನ್ನ ಮಿತ್ರರು ಅದಕ್ಕೆ ಕೆಲವು ವಾರಗಳ ಹಿಂದೆಯೇ ಉಂಡಿದ್ದರು. ಕಾರ್ಯಾಗಾರವೊಂದರಲ್ಲಿ ಸ್ಪ್ರಿಂಗುಗಳನ್ನು ಹಾಕಿಸಿಕೊಂಡು, ಅನಂತರ ಚಾವಣಿಯ ಮೇಲೆ ಸುಮಾರು 4 ಕಿಲೋಗ್ರಾಂ ತೂಗುವ ತೆಳುವಾದ ಸೌರಫಲಕವನ್ನು ಅವರೇ ಕೂಡಿಸಿದರು. ‘ಅಷ್ಟು ಸಣ್ಣ ತೂಕ ಏನು ಮಾಡೀತು’ ಎಂದು ಯಾರೂ ಲೆಕ್ಕ ಮಾಡಲಿಲ್ಲ. ಮಧ್ಯಾಹ್ನ ಚಾವಣಿ ಗಟ್ಟಿಯಾಗಿಯೇ ನಿಂತಿತು. ಮರುದಿನ ಚಳಿಯ ಬೆಳಗಿನಲ್ಲಿ ಅವರ ಮಗಳು ಅಂಚನ್ನು ಹಿಡಿದು ಹೊರಗೆ ಇಣುಕುತ್ತಿದ್ದಾಗ ಅದು ಮೆಲ್ಲನೆ ಇಳಿಯತೊಡಗಿ, ಕೊನೆಗೆ ಬಲವಾಗಿ ಮುಚ್ಚಿಕೊಂಡಿತು. ಹುಡುಗಿಯ ಎರಡು ಬೆರಳುಗಳು ಸಿಕ್ಕಿ ಉಗುರು ಕಪ್ಪಾದವು. ಅಷ್ಟರಲ್ಲಿ ಮುಗಿದದ್ದು ಭಾಗ್ಯ.

ಅದು ಹೇಗಾಯಿತೆಂಬುದು ನಮ್ಮ ಲೆಕ್ಕದಿಂದಲೇ ತಿಳಿಯುತ್ತದೆ. 44 ಕಿಲೋಗ್ರಾಂ ಚಾವಣಿ ತೆರೆದು ನಿಂತಾಗ ಅದರ ತಿರುಗುಬಲ 381. ಸ್ಪ್ರಿಂಗುಗಳ 372 ಎಂಬುದು 27 ಡಿಗ್ರಿ ಉಷ್ಣತೆಯದು. ಬಿಸಿಲಿಗೆ ಕಾದು 37 ಡಿಗ್ರಿಯಾದಾಗ ಅದು 384ಕ್ಕೆ ಏರುತ್ತದೆ; ಚಾವಣಿ ನಿಲ್ಲುತ್ತದೆ. 12 ಡಿಗ್ರಿಯ ಬೆಳಗಿನಲ್ಲಿ 353ಕ್ಕೆ ಇಳಿಯುತ್ತದೆ, ಚಾವಣಿ ನಿಲ್ಲಲಾರದು. ಮೊದಲಿಗೆ ಕೊರತೆ 28 ಮಾತ್ರ. ಆದರೆ ಚಾವಣಿ ಇಳಿದಂತೆಲ್ಲ ಭಾರದ ತೋಳು ಬೆಳೆದು ಸ್ಪ್ರಿಂಗಿನ ತೋಳು ಕುಗ್ಗುವುದರಿಂದ, ಮುಚ್ಚುವ ಹೊತ್ತಿಗೆ ಕೊರತೆಯು 133 ಆಗಿರುತ್ತದೆ. ಮೆಲ್ಲನೆ ಹೊರಟದ್ದು ಬಲವಾಗಿ ಮುಚ್ಚಿದ್ದು ಇದರಿಂದಲೇ.

ಹಾಗಾದರೆ ಮಿತ್ರರು ಹೇಳಿದಂತೆ ಇನ್ನೂ ಬಲವಾದ ಸ್ಪ್ರಿಂಗುಗಳನ್ನು ಹಾಕಿದರೆ ಆಗದೆ? ಆಗದೆಂಬುದು ನನ್ನ ಅಭಿಪ್ರಾಯ. ಬಲವನ್ನು ಒಂದೂವರೆ ಪಟ್ಟು ಮಾಡಿದರೆ, ಮುಚ್ಚಿದ ಚಾವಣಿಯ ಮೇಲಿನ ತಿರುಗುಬಲ 484 ಆಗಿ, ಸೌರಫಲಕವೂ ಸೇರಿದ ಭಾರದ 440ನ್ನು ಮೀರುತ್ತದೆ. ಆಗ ಚಾವಣಿಯನ್ನು ಕೆಳಗೆ ಹಿಡಿದಿಡುವುದು ಅದರ ಭಾರವಲ್ಲ, ಬರಿಯ ಚಿಲಕ. ದಿಂಬಂ ಘಾಟಿಯ ತಿರುವುಗಳಲ್ಲಿ ಕುಲುಕಾಡುವಾಗ ಆ ಚಿಲಕ ಜಾರಿದರೆ, ಮುಂಬದಿಯಿಂದ ತೆರೆದುಕೊಳ್ಳುವ ಚಾವಣಿಯೊಳಗೆ ಎದುರುಗಾಳಿ ನುಗ್ಗುತ್ತದೆ. ಬೆರಳಿನ ಗಾಯವನ್ನು ತಪ್ಪಿಸಲು ಹೋಗಿ ಗಾಡಿಯನ್ನೇ ಅಪಾಯಕ್ಕೆ ಒಡ್ಡಿದಂತಾಯಿತು. ವಿದ್ಯುತ್ ಮೋಟಾರನ್ನು ಇಡೋಣವೆಂದರೆ, ತೂಗದೆ ಇಟ್ಟ ಮೋಟಾರು ತಪ್ಪನ್ನು ತಿದ್ದುವುದಿಲ್ಲ, ಮರೆಮಾಡುತ್ತದೆ. ಬ್ಯಾಟರಿ ಬರಿದಾದ ದಿನ ಅದು ಹೊರಗೆ ಬೀಳುತ್ತದೆ.

ಮಾಡಬೇಕಾದ ಕೆಲಸ ಇದಕ್ಕಿಂತ ಅಗ್ಗ. ಚಾವಣಿಯ ಮೇಲೆ ಇರಬೇಕಾದುದನ್ನೆಲ್ಲ ಇಟ್ಟು, ಅದರ ತುದಿಗೆ ಊರುಗೋಲೊಂದನ್ನು ಕೊಟ್ಟು, ಕೋಲಿನ ಬುಡದಲ್ಲಿ ಮನೆಯ ತೂಕದ ಯಂತ್ರವನ್ನು ಇರಿಸಿ ಓದಿಕೊಳ್ಳಬೇಕು. ಕೋಲಿನ ತೂಕವನ್ನು ಅದರಿಂದ ಕಳೆಯಬೇಕು. ಆ ಸಂಖ್ಯೆಯಿಂದ ತಿರುಗುಬಲವನ್ನು ಕಂಡುಹಿಡಿದು, ಮುಚ್ಚಿದ ಸ್ಥಿತಿ, ತೆರೆದ ಸ್ಥಿತಿ, ಅತಿ ಚಳಿ, ಅತಿ ಸೆಕೆ ಈ ನಾಲ್ಕಕ್ಕೂ ಲೆಕ್ಕ ಹಾಕಿ ಸ್ಪ್ರಿಂಗನ್ನೂ ಅದರ ಸ್ಥಾನವನ್ನೂ ಆರಿಸಬೇಕು. ಮತ್ತೆ ಏನನ್ನಾದರೂ ಕೂಡಿಸಿದರೆ ಮತ್ತೆ ತೂಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತೆರೆದ ಚಾವಣಿಗೆ ಉಕ್ಕಿನ ಊರೆಗೋಲೊಂದನ್ನು ಕೊಟ್ಟು ಅಗುಳಿ ಹಾಕದೆ ಯಾರೂ ಅದರ ಕೆಳಗೆ ಕೈಯಿಡಬಾರದು. ವರ್ಷಗಳು ಕಳೆದಂತೆ ಅನಿಲ ಸೋರುವುದು ಸಹಜ. ಎರಡರಲ್ಲಿ ಒಂದು ಸ್ಪ್ರಿಂಗು ಸೋತರೆ ಇನ್ನೊಂದು ಒಂಟಿಯಾಗಿ ಹೊರಲಾರದು. ಸ್ಪ್ರಿಂಗು ಎತ್ತಲು ನೆರವಾಗುವ ಆಳು. ಅದನ್ನು ಮನೆ ಹೊರುವ ಕಂಬವೆಂದು ತಿಳಿಯಬಾರದು.

ಇದು ಒಂದು ಗಾಡಿಯ ಮಾತು ಮಾತ್ರವಲ್ಲ. ರಸ್ತೆಯ ಬದಿಯಲ್ಲಿ ತಿಂಡಿ ಮಾರುವ ವಾಹನಗಳ ಪಕ್ಕದ ಮುಚ್ಚಳವನ್ನು ಕೋಲೊಂದರಿಂದ ಎತ್ತಿ ನಿಲ್ಲಿಸಿರುವುದನ್ನು ನಾವು ದಿನವೂ ಕಾಣುತ್ತೇವೆ. ಅದರ ಕೆಳಗೆ ಬಿಸಿ ಎಣ್ಣೆಯ ಬಾಣಲೆ, ಅದರ ಮುಂದೆ ಶಾಲೆಯ ಮಕ್ಕಳು. ಆ ಮುಚ್ಚಳಗಳಿಗೂ ಇದೇ ಲೆಕ್ಕ ಸಲ್ಲುತ್ತದೆ. ನಮ್ಮ ತರಗತಿಗಳಲ್ಲಿ ತಿರುಗುಬಲದ ಲೆಕ್ಕವನ್ನು ತೂಕವಿಲ್ಲದ ಸರಳು, ಘರ್ಷಣೆಯಿಲ್ಲದ ಆಧಾರ ಎಂದು ಹೇಳಿ ಬಿಡಿಸಿ ಅಂಕಗಳನ್ನು ಪಡೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಅದೇ ವಿದ್ಯಾರ್ಥಿಯು ಕಾಲೇಜಿನ ಗೇಟಿನ ಹೊರಗಿರುವ ತಿಂಡಿಗಾಡಿಯ ಮುಚ್ಚಳವನ್ನು ಒಮ್ಮೆಯಾದರೂ ತೂಗಿ ನೋಡದಿದ್ದರೆ, ಕಲಿತದ್ದು ಕಾಗದದಲ್ಲಿಯೇ ಉಳಿಯಿತೆಂದು ಹೇಳಬೇಕಾಗುತ್ತದೆ. ಪ್ರಯೋಗಶಾಲೆಯ ಪುಸ್ತಕದಲ್ಲಿ ಇಂತಹ ಒಂದು ಅಳತೆಗೆ ಎಡೆ ಮಾಡಿಕೊಡುವುದು ನಮ್ಮಂತಹ ಅಧ್ಯಾಪಕರ ಕರ್ತವ್ಯ.

ಪುಣಜನೂರಿನ ಗೇಟು ತೆರೆದಾಗ ನಾನು ಆ ಕಾವಲುಗಾರನನ್ನು, ‘ಕಂಬ ಇನ್ನೂ ಬೇಗ ಏಳಲೆಂದು ಇನ್ನೊಂದು ಕಲ್ಲನ್ನು ಕಟ್ಟಬಾರದೇನಪ್ಪ?’ ಎಂದು ಕೇಳಿದೆ. ಆತ ನಕ್ಕು, ‘ಕಲ್ಲ ಜಾಸ್ತಿ ಕಟ್ಬುಟ್ರ, ಕೆಳಕ್ಕ ಎಳಿಯವ್ರ್ಯಾರು ಸಾ?’ ಎಂದ. ನನ್ನ ಮಿತ್ರರು ಕೋಲೊಂದನ್ನೂ ತೂಕದ ಯಂತ್ರವನ್ನೂ ಕೊಯಮತ್ತೂರಿನಲ್ಲಿಯೇ ಕೊಂಡರು.