ಕೆಲಸ ಹೊರಗೆ, ಹೊಣೆ ಒಳಗೆ

ನೀಲಗಿರಿಯ ಸಣ್ಣ ಬೆಳೆಗಾರನ ತೋಟದಲ್ಲಿ ಕೊಯ್ದ ಹಸಿರೆಲೆಯು ಚಹಾಪುಡಿಯಾಗಿ ಪರವೂರಿನ ಅಂಗಡಿಯನ್ನು ಸೇರುವ ಮುನ್ನ ಎಷ್ಟು ಲೆಕ್ಕಪುಸ್ತಕಗಳನ್ನು ದಾಟುತ್ತದೆ! ಕಾರ್ಖಾನೆಯ ತೂಕದ ಪುಸ್ತಕ, ಉಗ್ರಾಣದ ದಾಸ್ತಾನು ಪಟ್ಟಿ, ದಲ್ಲಾಳಿಯ ಹರಾಜು ಪಟ್ಟಿ, ಕೊಳ್ಳುವವರ ಖರೀದಿ ಖಾತೆ, ಬ್ಯಾಂಕು, ಕೊನೆಗೆ ತೆರಿಗೆ ಇಲಾಖೆ. 1963ರಲ್ಲಿ ಕೂನೂರಿನ ಚಹಾ ಹರಾಜು ಆರಂಭವಾದಾಗ ಇವೆಲ್ಲವೂ ಕಾಗದದ ಮೇಲಿದ್ದವು. ಇಂದು ಹರಾಜೇ ಗಣಕಯಂತ್ರದಲ್ಲಿ ನಡೆಯುತ್ತದೆ. ಪುಸ್ತಕಗಳ ಸ್ಥಾನಕ್ಕೆ ತಂತ್ರಾಂಶಗಳು ಬಂದಿವೆ. ಖರೀದಿ, ದಾಸ್ತಾನು, ಮಾರಾಟ, ಸಂಬಳಗಳನ್ನೆಲ್ಲ ಒಂದೆಡೆ ನೋಡಿಕೊಳ್ಳುವ ಇಂತಹ ತಂತ್ರಾಂಶವನ್ನು ಇಆರ್‌ಪಿ ಎನ್ನುತ್ತಾರೆ.

ತೊಡಕು ಇರುವುದು ಒಬ್ಬರ ತಂತ್ರಾಂಶಕ್ಕೆ ಇನ್ನೊಬ್ಬರದರ ಮಾತು ಅರ್ಥವಾಗದಿರುವುದರಲ್ಲಿ. ಕಾರ್ಖಾನೆಯವರು ‘ಎಸ್‌ಆರ್‌ಡಿ’ ಎಂದು ಬರೆದದ್ದನ್ನು ಕೊಳ್ಳುವವರು ‘ಸೂಪರ್ ರೆಡ್ ಡಸ್ಟ್’ ಎಂದು ಬರೆದಿದ್ದರೆ, ಅನುಭವಿ ಗುಮಾಸ್ತನಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಸರಕುಗಳು. ಒಬ್ಬರು ಚೀಲದ ತೂಕವನ್ನೂ ಸೇರಿಸಿ ಬರೆದು, ಇನ್ನೊಬ್ಬರು ಬರಿಯ ಪುಡಿಯ ತೂಕ ಬರೆದರೆ, ಪ್ರತಿ ಚೀಲಕ್ಕೂ ಲೆಕ್ಕ ತಪ್ಪುತ್ತದೆ. ಯಾವ ಹೆಸರು ಯಾವುದಕ್ಕೆ ಸಮ ಎಂದು ತೋರಿಸುವ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದರಂತೆ ವಿವರಗಳನ್ನು ತಾನಾಗಿ ದಾಟಿಸುವುದೇ ತಂತ್ರಾಂಶಗಳ ಜೋಡಣೆ. ಈ ತೊಡಕು ನಮ್ಮ ಬೆಟ್ಟಕ್ಕೆ ಮಾತ್ರ ಸೀಮಿತವಲ್ಲ. ದೇಶದೇಶಗಳ ವ್ಯಾಪಾರಿಗಳಿಗೆ ಒಂದು ಸಮಾನ ಭಾಷೆ ಇರಲೆಂದು 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ‘ಎಡಿಫ್ಯಾಕ್ಟ್’ ಎಂಬ ನಿಯಮಾವಳಿ ರೂಪುಗೊಂಡಿತು.

ಈ ಜೋಡಣೆಯನ್ನು ಹೊರಗುತ್ತಿಗೆಗೆ ಕೊಡುವುದು ತಪ್ಪೇ? ಖಂಡಿತ ಅಲ್ಲ. ಸರಕು ಮತ್ತು ಸೇವಾ ತೆರಿಗೆಯ ಜಾಲವನ್ನು ಕಟ್ಟುವ ಕೆಲಸವನ್ನೇ 2015ರಲ್ಲಿ ಬೆಂಗಳೂರಿನ ಇನ್ಫೋಸಿಸ್‌ಗೆ ವಹಿಸಲಾಯಿತು. ಗುತ್ತಿಗೆಯ ಮೊತ್ತ 1,380 ಕೋಟಿ ರೂಪಾಯಿ. ಅಷ್ಟು ದೊಡ್ಡ ವ್ಯವಸ್ಥೆಯೇ ಹೊರಗಿನ ನೆರವನ್ನು ಪಡೆದಿರುವಾಗ, ಸಣ್ಣ ಕಾರ್ಖಾನೆ ಪಡೆಯುವುದರಲ್ಲಿ ಸಂಕೋಚವೇಕೆ? ವರ್ಷದಲ್ಲಿ ಕೆಲವೇ ದಿನ ಬೇಕಾಗುವ ತಜ್ಞನಿಗೆ ಹನ್ನೆರಡು ತಿಂಗಳ ಸಂಬಳ ಕೊಡುವುದು ಯಾರಿಗೂ ನಿಲುಕದು. ಆದರೆ ಅಗತ್ಯ ಮಾತ್ರ ಹೆಚ್ಚುತ್ತಲೇ ಇದೆ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯಿಸುತ್ತಿದೆ.

ಆದರೆ ಕೆಲಸವನ್ನು ಕೊಟ್ಟ ಮಾತ್ರಕ್ಕೆ ಹೊಣೆಯೂ ಹೊರಗೆ ಹೋಗುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 48ನೇ ಕಲಮು ಇದನ್ನು ಸ್ಪಷ್ಟಪಡಿಸುತ್ತದೆ: ತೆರಿಗೆ ವೃತ್ತಿಗಾರರ ಮೂಲಕ ವಿವರ ಸಲ್ಲಿಸಿದರೂ ಅದರ ಸರಿತಪ್ಪಿನ ಹೊಣೆ ನೋಂದಾಯಿತ ವ್ಯಾಪಾರಿಯದೇ. ಚಹಾ ತುಂಬಿದ ಲಾರಿಯೊಂದು ಗೂಡಲೂರಿನಿಂದ ತೆಪ್ಪಕಾಡು ದಾಟಿ ಮೈಸೂರಿಗೆ ಹೊರಟಿದೆ ಎನ್ನೋಣ. ಇ-ವೇ ಬಿಲ್ಲಿನ ವಿವರ ಸರಿಯಿಲ್ಲವೆಂದು ತಡೆದರೆ ನಿಲ್ಲುವುದು ನಮ್ಮ ಲಾರಿ. ಒಂದು ಗಂಟೆ ತಡವಾಗಿ, ರಾತ್ರಿ ಒಂಬತ್ತು ಕಳೆದರೆ ಬಂಡೀಪುರದ ದಾರಿ ಬೆಳಿಗ್ಗೆ ಆರರವರೆಗೆ ತೆರೆಯದು. ಜೋಡಣೆ ಮಾಡಿಕೊಟ್ಟವರು ಆಗ ತಮ್ಮ ಊರಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸುತ್ತಿರಬಹುದು.

ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಸಂಗತಿಗಳನ್ನು ಕೈಯಲ್ಲಿ ಉಳಿಸಿಕೊಳ್ಳಬೇಕು. ಮೊದಲನೆಯದು, ಹೆಸರುಗಳ ಸಮಪಟ್ಟಿ. ಅದರ ಪ್ರತಿ ನಮ್ಮಲ್ಲಿಲ್ಲದಿದ್ದರೆ ಗುತ್ತಿಗೆದಾರರನ್ನು ಬದಲಿಸುವ ದಿನ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾದೀತು. ಎರಡನೆಯದು, ಪ್ರವೇಶದ ಗುಪ್ತಪದ ಹಾಗೂ ಡಿಜಿಟಲ್ ಸಹಿ. ಅವರಿಗೆ ಬೇಕಾದಷ್ಟೇ ಅಧಿಕಾರವಿರುವ ಬೇರೆ ಖಾತೆ ಕೊಡಬೇಕೇ ಹೊರತು ಯಜಮಾನರ ಕೀಲಿಯನ್ನಲ್ಲ. ಮೂರನೆಯದು, ದಾಟದೆ ಉಳಿದ ದಾಖಲೆಗಳ ಪಟ್ಟಿ. ಅದನ್ನು ದಿನವೂ ಓದಿ, ತೂಕದ ಚೀಟಿಯೊಡನೆ ತಾಳೆ ನೋಡುವ ಒಬ್ಬರು ಒಳಗೇ ಇರಬೇಕು.

ಆ ಒಬ್ಬರು ನಮ್ಮ ಮಕ್ಕಳೇ ಏಕಾಗಬಾರದು? ಮನೆಯಲ್ಲೂ ಶಾಲೆಯಲ್ಲೂ ಕನ್ನಡ, ಬೀದಿಯಲ್ಲಿ ತಮಿಳು, ಪಠ್ಯದಲ್ಲಿ ಇಂಗ್ಲಿಷು ಎಂದು ಬೆಳೆಯುವ ಮಗುವಿಗೆ ಒಂದೇ ವಸ್ತುವಿಗೆ ಮೂರು ಹೆಸರುಗಳಿರುವುದು ಹೊಸತಲ್ಲ. ಅದಕ್ಕೆ ಗಣಿತದ ಶಿಸ್ತನ್ನೂ, ಜಮಾಖರ್ಚಿನ ತಿಳಿವನ್ನೂ ಸೇರಿಸಿದರೆ ಸಾಕು. ತಂತ್ರಾಂಶ ಬರೆಯುವವರು ದೂರದ ನಗರದಲ್ಲಿರಲಿ. ಅದು ತಂದುಕೊಟ್ಟ ತೂಕ ಸರಿಯೇ ಎಂದು ಹೇಳಬಲ್ಲವರು ಎಲೆಯನ್ನು ಕಂಡವರೇ ಆಗಿರಬೇಕು. ಬೆಳೆಗಾರನ ಕೈಸೇರುವ ಹಣ ನಿಂತಿರುವುದು ಆ ಅಂಕಿಯ ಮೇಲೆ.